ಆಡುವುದು ಬೇರೆ, ಆಡಿಸುವುದು ಬೇರೆ

(ಪುಣೆಯ ಕನ್ನಡಿಗರ ಒಂದು ಸಂಜೆಯ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಮರುಕಳಿಸಿದ್ದನ್ನು ತೆಗೆದಿದ್ದೇನೆ. ಸಭಿಕರ ಎರಡು ಪ್ರಶ್ನೆಗಳನ್ನು ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸ್ವಾಗತ ಮಾಡುವಾಗ ನನ್ನನ್ನು "ಪಿ.ಟಿ. ಸರ್" ಎಂದರು, ಹಿಂದಿನ ಸಾಲಿನಲ್ಲಿ ಸಣ್ಣದೊಂದು ನಗು ಎದ್ದಿತು. ಬೇಸರವಿಲ್ಲ. ಪಿ.ಟಿ. ಸರ್ ಅಂದರೆ ನಿಮ್ಮ ಕಣ್ಣಮುಂದೆ ಬರುವವರು ಯಾರೆಂದು ನನಗೂ ಗೊತ್ತು. ಕೊರಳಲ್ಲಿ ಸೀಟಿ ಹಾಕಿಕೊಂಡವರು, ಆಗಸ್ಟ್ 15ಕ್ಕೆ ಧ್ವಜದ ಹಗ್ಗ ಸರಿಮಾಡುವವರು, ಗಣಿತದ ಮೇಡಂ ರಜೆ ಹಾಕಿದ ದಿನ ಗದ್ದಲ ಅಡಗಿಸಲು ಕ್ಲಾಸಿಗೆ ಬಂದು ನಿಲ್ಲುವವರು, ಚುನಾವಣೆ ಬಂತೆಂದರೆ ಮೊದಲು ಡ್ಯೂಟಿ ಬೀಳುವವರು. ನಾನು ಅಂಥ ಸರ್‌ಗಳನ್ನು, ಮೇಡಂಗಳನ್ನು ತಯಾರು ಮಾಡುವ ಕಾಲೇಜಿನಲ್ಲಿ ಕಲಿಸುತ್ತೇನೆ. ಅಂದರೆ ನೀವು ನಕ್ಕ ನಗುವಿಗೆ ಅರ್ಧ ಜವಾಬ್ದಾರಿ ನಮ್ಮದೇ.

ನಮ್ಮಲ್ಲಿಗೆ ಬರುವ ಹುಡುಗ ಹುಡುಗಿಯರಲ್ಲಿ ಒಂದಿಷ್ಟು ಮಂದಿ ಜತ್ತ, ಅಕ್ಕಲಕೋಟ, ಗಡಹಿಂಗ್ಲಜ ಕಡೆಯವರು. ಕಾಲೇಜಿನಲ್ಲಿ ಮರಾಠಿ, ಮೊಬೈಲಿನಲ್ಲಿ ಅವ್ವನ ಜೊತೆ ಕನ್ನಡ. ಓದು ಮುಗಿಸಿ ಕೆಲವರು ಗಡಿಭಾಗದ ಕನ್ನಡ ಶಾಲೆಗಳಿಗೇ ಶಿಕ್ಷಕರಾಗಿ ಹೋಗುತ್ತಾರೆ. ಹೆಚ್ಚಿನವರು ಒಳ್ಳೆಯ ಆಟಗಾರರು. ಕಬಡ್ಡಿ, ಖೋ ಖೋ, ಓಟ, ಕುಸ್ತಿ, ಯಾವುದಾದರೂ ಒಂದರಲ್ಲಿ ಹೆಸರು ಮಾಡಿದವರೇ. ಇಂದಿನ ನನ್ನ ಮಾತು ಆ ಒಳ್ಳೆಯ ಆಟಗಾರನ ಕುರಿತಾದದ್ದು, ಏಕೆಂದರೆ ಅವನನ್ನು ಶಿಕ್ಷಕನನ್ನಾಗಿ ಮಾಡುವುದೇ ಎಲ್ಲಕ್ಕಿಂತ ಕಷ್ಟ.

ಕಬಡ್ಡಿಯಲ್ಲಿ ಬೋನಸ್ ಗೆರೆ ಎಂಬುದಿದೆ. ಎದುರಾಳಿಗಳ ಅಂಗಳಕ್ಕೆ ನುಗ್ಗಿದ ರೇಡರ್ ಅಂಕಕ್ಕಾಗಿ ಒಂದು ಕಾಲು ಗೆರೆಯಾಚೆ ಇಡುವಾಗ ಹಿಂದಿನ ಕಾಲು ನೆಲ ಬಿಟ್ಟಿರಬೇಕು. ನೋಡಲು ಕಣ್ಣು ರೆಪ್ಪೆ ಹೊಡೆಯುವಷ್ಟು ಹೊತ್ತಿನ ಕೆಲಸ. ಇದನ್ನು ನೀರು ಕುಡಿದಷ್ಟು ಸಲೀಸಾಗಿ ಮಾಡುವ ಹುಡುಗನೊಬ್ಬನನ್ನು "ಆರನೇ ಇಯತ್ತೆಯ ಮಕ್ಕಳಿಗೆ ಹೇಳಿಕೊಡು" ಅಂದೆ. ಎರಡು ಸಲ ಮಾಡಿ ತೋರಿಸಿದ. ಮೂರನೇ ಸಲವೂ ಮಾಡಿ ತೋರಿಸಿದ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು, ಚಪ್ಪಾಳೆ ಹೊಡೆದರು, ಒಬ್ಬರಿಗೂ ಬರಲಿಲ್ಲ. "ಹೆಂಗ ಮಾಡ್ತೀಯೋ, ಅದನ್ನ ಹೇಳು" ಅಂದರೆ, "ಹಂಗ ಆಗತೈತ್ರಿ ಸರ" ಅಂದ. ನಮ್ಮವ್ವನಿಗೆ ರೊಟ್ಟಿ ಹಿಟ್ಟಿಗೆ ಎಷ್ಟು ನೀರು ಹಾಕಬೇಕು ಎಂದು ಕೇಳಿದರೆ "ಹಿಟ್ಟು ಕೇಳಿದಷ್ಟು" ಅನ್ನುತ್ತಿದ್ದಳು, ಅದೇ ಜಾತಿಯ ಉತ್ತರ. ಅವನ ಮೈಗೆ ಗೊತ್ತು, ಬಾಯಿಗೆ ಗೊತ್ತಿಲ್ಲ. ಮೊದಲು ಸೊಂಟದ ಭಾರ ಯಾವ ಕಾಲ ಮೇಲೆ, ಕಣ್ಣು ಯಾರ ಮೇಲೆ, ಹಿಂದಿನ ಕಾಲು ಯಾವಾಗ ಎತ್ತಬೇಕು ಎಂದು ಬಿಡಿಬಿಡಿಯಾಗಿ ಬಿಚ್ಚಿ ಇಡಲು ಅವನಿಗೆ ತಿಂಗಳುಗಟ್ಟಲೆ ಬೇಕಾಯಿತು.

ಇದೇನು ನಮ್ಮ ಹುಡುಗರ ಕೊರತೆಯಲ್ಲ. 1953ರ ಮೇ 29ರಂದು ಎವರೆಸ್ಟ್ ತುದಿಯಲ್ಲಿ ನಿಂತ ತೇನ್‌ಸಿಂಗ್ ನೋರ್ಗೆ ಅವರ ಕಥೆ ನಿಮಗೆ ಗೊತ್ತು. ಮರುವರ್ಷ ಡಾರ್ಜಿಲಿಂಗ್‌ನಲ್ಲಿ ಹಿಮಾಲಯನ್ ಪರ್ವತಾರೋಹಣ ಸಂಸ್ಥೆ ಶುರುವಾಯಿತು, ಕ್ಷೇತ್ರ ತರಬೇತಿಯ ಮೊದಲ ನಿರ್ದೇಶಕ ಅವರೇ. ಅಷ್ಟು ಗೊತ್ತಿದ್ದವರಿಗೂ ಅಷ್ಟಾಗಿ ಗೊತ್ತಿಲ್ಲದ ಸಂಗತಿ ಒಂದಿದೆ. ಆ ಕೆಲಸಕ್ಕೆ ಕೈಹಾಕುವ ಮುನ್ನ ತೇನ್‌ಸಿಂಗ್ ಮತ್ತು ಕೆಲವು ಶೆರ್ಪಾಗಳನ್ನು ಸ್ವಿಟ್ಜರ್ಲೆಂಡಿನ ಪರ್ವತಾರೋಹಣ ಶಾಲೆಗೆ ಕಳಿಸಲಾಯಿತು. ಹತ್ತಲು ಕಲಿಯುವುದಕ್ಕಲ್ಲ, ಹತ್ತಿಸುವುದನ್ನು ಕಲಿಯುವುದಕ್ಕೆ. ಭೂಮಿಯ ಮೇಲೆ ಅದಕ್ಕಿಂತ ಎತ್ತರದ ಜಾಗವಿಲ್ಲ, ಅಲ್ಲಿಗೆ ಹೋಗಿ ಬಂದವರು ಮತ್ತೆ ವಿದ್ಯಾರ್ಥಿಯಾಗಿ ಕುಳಿತರು. ಜಿಲ್ಲಾ ಮಟ್ಟದ ಪದಕ ತೋರಿಸಿ "ನನಗೆ ಕಲಿಸೋದು ಬರತೈತಿ" ಅನ್ನುವವರಿಗೆ ನಾನು ಮೊದಲ ದಿನವೇ ಹೇಳುವ ಕಥೆ ಇದು.

ಪುಣೆಯಲ್ಲಿ ನಿಂತು ಈ ಮಾತು ಹೇಳುವಾಗ ಇಲ್ಲಿಯ ಪರಂಪರೆಯನ್ನು ಮರೆಯಬಾರದು. ಪೇಶ್ವೆ ಎರಡನೇ ಬಾಜೀರಾಯನ ಕಾಲದಲ್ಲಿ ಬಾಳಂಭಟ್ಟ ದಾದಾ ದೇವಧರ ಮಲ್ಲಕಂಬಕ್ಕೆ ಮರುಜೀವ ಕೊಟ್ಟರು. ಪೇಟೆಗಳಲ್ಲಿ ಇಂದಿಗೂ ತಾಲೀಮುಗಳು, ಅಂದರೆ ಗರಡಿಮನೆಗಳು, ಇವೆ. 1924ರಲ್ಲಿ ಇಲ್ಲಿ ಮಹಾರಾಷ್ಟ್ರೀಯ ಮಂಡಳ ಎಂಬ ವ್ಯಾಯಾಮ ಸಂಸ್ಥೆ, ಅದೇ ವರ್ಷ ಲೋಣಾವಳಾದಲ್ಲಿ ಸ್ವಾಮಿ ಕುವಲಯಾನಂದರ ಯೋಗ ಸಂಸ್ಥೆ ಕೈವಲ್ಯಧಾಮ ಹುಟ್ಟಿದವು. ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದ ತಂಡ 1936ರ ಬರ್ಲಿನ್ ಒಲಿಂಪಿಕ್ಸ್‌ಗೆ ಹೋಗಿ ನಮ್ಮ ಆಟಗಳನ್ನು ಪ್ರದರ್ಶಿಸಿ ಬಂತು. ಇನ್ನೊಂದು ಧಾರೆ ಮದ್ರಾಸಿನಿಂದ ಬಂದದ್ದು: 1920ರಲ್ಲಿ ಹ್ಯಾರಿ ಕ್ರೋ ಬಕ್ ಅಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ತೆರೆದರು. ಅದರ ಜೊತೆಗೆ ಪಲ್ಟಣಿನ ಡ್ರಿಲ್ ಬಂದು ಸೇರಿತು.

ಗರಡಿಯ ಉಸ್ತಾದನ ಬಳಿ ಹತ್ತು ಹುಡುಗರಿರುತ್ತಿದ್ದರು, ಕೈಯಲ್ಲಿ ಹತ್ತು ವರ್ಷ ಇರುತ್ತಿತ್ತು. ಯಾವ ಹುಡುಗನ ಭುಜ ಬಿಗಿ, ಯಾವನ ಉಸಿರು ಗಿಡ್ಡ ಎಂದು ಅವನಿಗೆ ಗೊತ್ತಿತ್ತು. ಡ್ರಿಲ್ ಮೇಷ್ಟ್ರಿಗೆ ಅದು ಬೇಕಾಗಿರಲಿಲ್ಲ. ಇನ್ನೂರು ಜನ ಒಟ್ಟಿಗೆ ಕೈ ಎತ್ತಿದರೆ ಸಾಕಿತ್ತು. ಇಂದಿನ ಶಾಲೆಯ ಶಿಕ್ಷಕನ ಪಾಡು ನೋಡಿ: ಉಸ್ತಾದನ ಕೆಲಸವನ್ನು ಡ್ರಿಲ್ ಮೇಷ್ಟ್ರ ಸಂಖ್ಯೆಯ ಜೊತೆ 35 ನಿಮಿಷದಲ್ಲಿ ಮಾಡಬೇಕು. ಇದಕ್ಕೆ ಬೇಕಾದ ಕೌಶಲವೇ ಬೇರೆ. ಅದನ್ನು ನಾವು ಎಷ್ಟು ಕಲಿಸುತ್ತೇವೆ? ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಗಳ ನಂತರ ಬಿ.ಪಿ.ಎಡ್., ಅಂದರೆ ದೈಹಿಕ ಶಿಕ್ಷಕರಾಗಲು ಓದುವ ಪದವಿ, ಎರಡು ವರ್ಷದ ಕೋರ್ಸ್ ಆಯಿತು, ಸಮಯ ಹೆಚ್ಚಾಯಿತು, ಒಳ್ಳೆಯದೇ. ಆದರೂ ಪ್ರಾಯೋಗಿಕ ಪರೀಕ್ಷೆಯ ದಿನ ಮೈದಾನಕ್ಕೆ ಬಂದು ನೋಡಿ. ವಿದ್ಯಾರ್ಥಿ ಎಷ್ಟು ದೂರ ಗುಂಡು ಎಸೆದ, ಎಷ್ಟು ಸೆಕೆಂಡಿಗೆ ಓಡಿದ ಎಂಬ ಕಡೆಗೇ ಎಲ್ಲರ ಕಣ್ಣು. ಪಾಠ ಮಾಡುವುದನ್ನೂ ಪರೀಕ್ಷಿಸುತ್ತೇವೆ, ಆದರೆ ಅಲ್ಲಿಯೂ ನೋಡುವುದು ಶಿಕ್ಷಕನ ನಿಲುವು, ದನಿ, ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು. ಎದುರಿಗಿದ್ದ ಮಕ್ಕಳು ಏನು ಮಾಡುತ್ತಿದ್ದರು ಎಂದು ಬರೆಯಲು ಅಂಕಪಟ್ಟಿಯಲ್ಲಿ ಕಾಲಮ್ಮೇ ಇರುವುದಿಲ್ಲ.

ಹಾಗಾಗಿ ನಾನು ಒಂದು ಕೆಲಸ ಕೊಡುತ್ತೇನೆ. ಶಾಲೆಯ ಮೈದಾನದ ಬೇಲಿ ಪಕ್ಕ ಕುಳಿತುಕೋ. ಇಡೀ ತರಗತಿಯಲ್ಲಿ ಒಂದೇ ಮಗುವನ್ನು ಆರಿಸಿಕೋ, ಮುಂದೆ ನಿಂತ ಚೂಟಿ ಹುಡುಗನನ್ನಲ್ಲ, ಹಿಂದೆ ಉಗುರು ಕಚ್ಚುತ್ತ ನಿಂತವಳನ್ನು. ಸ್ಟಾಪ್‌ವಾಚ್ ಹಿಡಿ. ಅವಳ ಮೈ ನಿಜವಾಗಿ ಕದಲಿದಾಗ ಚಾಲೂ ಮಾಡು, ನಿಂತಾಗ ನಿಲ್ಲಿಸು. ಉದ್ದಜಿಗಿತದ ಪಾಠವಾದರೆ ಲೆಕ್ಕ ಸುಲಭ. 40 ಮಕ್ಕಳು, ಒಂದೇ ಮರಳುಗುಂಡಿ. 35 ನಿಮಿಷದಲ್ಲಿ ಹಾಜರಿ, ಸಾಲು, ಸೂಚನೆಗೆ 10 ಹೋಯಿತು. ಒಬ್ಬರು ಓಡಿ, ಜಿಗಿದು, ಎದ್ದು, ಮರಳು ಸಮ ಮಾಡಲು ಅರ್ಧ ನಿಮಿಷ ಅಂದರೂ ಒಂದು ಸುತ್ತಿಗೆ 20 ನಿಮಿಷ. ಅಂದರೆ ಆ ಹುಡುಗಿ ಇಡೀ ಪಿರಿಯಡ್‌ನಲ್ಲಿ ಜಿಗಿದದ್ದು ಒಂದೇ ಸಲ. ಮಿಕ್ಕ ಹೊತ್ತು ಬಿಸಿಲಲ್ಲಿ ನಿಂತದ್ದು. ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಬೆವರು ಬರುವಷ್ಟು ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಿ.ಪಿ.ಎಡ್. ಹುಡುಗರು ಸ್ಟಾಪ್‌ವಾಚ್ ನೋಡಿ ಬೆಚ್ಚಿಬೀಳುತ್ತಾರೆ. ಆಮೇಲೆ ತಾವೇ ದಾರಿ ಹುಡುಕುತ್ತಾರೆ: ನೆಲದ ಮೇಲೆ ಸುಣ್ಣದಲ್ಲಿ ಹತ್ತು ಗೆರೆ ಎಳೆದು ನಿಂತಲ್ಲಿಂದ ಜಿಗಿಸುವುದು, ನಾಲ್ಕು ಗುಂಪು, ನಾಲ್ಕು ಜಾಗ. ಬೋಧನೆ ಶುರುವಾಗುವುದು ಅಲ್ಲಿಂದ.

ಇನ್ನು ಬೆಟ್ಟದ ವಿಷಯಕ್ಕೆ ಬರುತ್ತೇನೆ. ಸಂಘಟಕರು ಕರಪತ್ರದಲ್ಲಿ "ಸಾಹಸ" ಎಂದು ದಪ್ಪಕ್ಷರದಲ್ಲಿ ಹಾಕಿದ್ದಾರೆ, ಅದಕ್ಕಾಗಿಯೇ ಕೆಲವರು ಬಂದಿರಬಹುದು.

ಹೆಚ್ಚಿನ ಕಾಲೇಜುಗಳಲ್ಲಿ ಸಾಹಸ ಶಿಬಿರ ಎಂದರೆ ವರ್ಷಕ್ಕೊಮ್ಮೆ ಬಸ್ಸು ಮಾಡಿಕೊಂಡು ಹೋಗಿ, ಹಗ್ಗದಲ್ಲಿ ಇಳಿದು, ರಾತ್ರಿ ಬೆಂಕಿ ಹಾಕಿ ಕುಣಿದು, ಫೋಟೊ ಹಿಡಿದುಕೊಂಡು ಬರುವುದು. ಸಂತೋಷವೇನೋ ಆಗುತ್ತದೆ. ಆದರೆ ಶಿಕ್ಷಕರಾಗಲಿರುವವರು ಅಲ್ಲಿ ಗಿರಾಕಿಗಳಾಗಿರುತ್ತಾರೆ, ಬೇರೆ ಯಾರೋ ಅವರನ್ನು ಇಳಿಸುತ್ತಾರೆ. ನನ್ನ ವಾದ ಇಷ್ಟೇ: ಪಾಠ ಮಾಡುವ ಕಲೆ ಕಲಿಯಲು ಬೆಟ್ಟದಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಮೈದಾನದಲ್ಲಿ ಕೆಟ್ಟ ಪಾಠ ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ, ಮಕ್ಕಳು ಗಂಟೆ ಹೊಡೆಯುತ್ತಲೇ ಮನೆಗೆ ಹೋಗುತ್ತಾರೆ. ಬೆಟ್ಟದಲ್ಲಿ ಅರ್ಧ ಗಂಟೆಯೊಳಗೆ ಬಯಲಾಗುತ್ತದೆ. ನೀರು ಕುಡಿಸುವುದು ಮರೆತರೆ ಮಗು ಕುಳಿತುಬಿಡುತ್ತದೆ. ಮುಂದಿನವನು ಜೋರಾಗಿ ನಡೆದರೆ ಸಾಲು ಹರಿದು ಹಿಂದಿನವರು ದಾರಿ ತಪ್ಪುತ್ತಾರೆ. ಸೂಚನೆ ಅರ್ಥವಾಗದಿದ್ದರೆ ಗಂಟು ಬಿಚ್ಚಿಕೊಳ್ಳುತ್ತದೆ.

ಇದಕ್ಕೆ ಹಿಮಾಲಯ ಬೇಕಿಲ್ಲ. ಪುಣೆಯಲ್ಲೇ ಇರುವ ಪರ್ವತಿ, ತಳಜಾಯಿ, ವೇತಾಳ ಟೇಕಡಿಯಂಥ ಗುಡ್ಡಗಳು ಸಾಕು. ಮುಂದಿನ ಹಂತಕ್ಕೆ ಸಿಂಹಗಡ ಕೋಟೆಯಿದೆ. ಊರಿನಿಂದ ಸುಮಾರು 30 ಕಿ.ಮೀ., ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್, ಆತಕರವಾಡಿಯಿಂದ ಹತ್ತುವ ಕಾಲುದಾರಿ. ಭಾನುವಾರ ಬೆಳಿಗ್ಗೆ ಅಲ್ಲಿ ಜಾತ್ರೆಯೇ ನೆರೆದಿರುತ್ತದೆ, ಆದ್ದರಿಂದ ನಾವು ವಾರದ ದಿನ ಹೋಗುತ್ತೇವೆ. ಮೇಲೆ ಪಿಠಲ (ಕಡಲೆಹಿಟ್ಟಿನ ಪಲ್ಯ), ಭಾಕರಿ (ರೊಟ್ಟಿ), ಮಡಕೆ ಮೊಸರು ಸಿಗುತ್ತದೆ. ಪಠ್ಯಕ್ರಮದಲ್ಲಿ ಇಲ್ಲದಿದ್ದರೂ ಅದನ್ನು ಬಿಡುವ ಮಾತೇ ಇಲ್ಲ.

ಗಂಟು ಕಲಿಸುವ ಒಂದು ಪಾಠವನ್ನು ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ. ಹಗ್ಗವನ್ನು ಸೊಂಟಕ್ಕೆ ಬಿಗಿಯುವ ಪಟ್ಟಿಗೆ, ಅಂದರೆ ಹಾರ್ನೆಸ್‌ಗೆ, ಕಟ್ಟುವ ಗಂಟು ಎಂಟರ ಆಕಾರದ್ದು. ಮೊದಲು ಒಂದು ತೋಳುದ್ದ ಬಿಟ್ಟು ಸಡಿಲವಾದ ಎಂಟು ಹಾಕಬೇಕು, ತುದಿಯನ್ನು ಹಾರ್ನೆಸ್‌ನ ಎರಡು ಕುಣಿಕೆಗಳಲ್ಲೂ ತೂರಿಸಬೇಕು, ಆಮೇಲೆ ಅದೇ ಎಂಟಿನ ಗೆರೆ ಹಿಡಿದು ತುದಿಯನ್ನು ಹಿಂದಕ್ಕೆ ಓಡಿಸಬೇಕು. ಎಳೆಗಳು ಜೋಡಿಜೋಡಿಯಾಗಿ, ಒಂದರ ಮೇಲೊಂದು ಹಾಯದೆ ಮಲಗಿರಬೇಕು. ವಿದ್ಯಾರ್ಥಿ ಶಿಕ್ಷಕಿಯೊಬ್ಬಳು ಮಕ್ಕಳ ಎದುರು ನಿಂತು ಬಹಳ ಚೆನ್ನಾಗಿ ತೋರಿಸಿದಳು. ಅರ್ಧ ಮಕ್ಕಳು ತಿರುಗುಮುರುಗಾಗಿ ಕಟ್ಟಿದರು. ತಪ್ಪು ಗಂಟಿನಲ್ಲಿರಲಿಲ್ಲ, ನಿಂತ ಜಾಗದಲ್ಲಿತ್ತು. ಎದುರು ನಿಂತವರ ಬಲಗೈ ಮಗುವಿಗೆ ಎಡಕ್ಕೆ ಕಾಣುತ್ತದೆ. ಎರಡನೇ ಸಲ ಅವಳು ಮಕ್ಕಳನ್ನು ಅರ್ಧಚಂದ್ರವಾಗಿ ನಿಲ್ಲಿಸಿ, ತಾನು ಅವರ ಮಗ್ಗುಲಲ್ಲೇ ಅದೇ ದಿಕ್ಕಿಗೆ ಮುಖ ಮಾಡಿ ಕಟ್ಟಿದಳು. ಹಗ್ಗದ ಎರಡು ತುದಿಗೆ ಎರಡು ಬಣ್ಣದ ಟೇಪು ಸುತ್ತಿದಳು. ಸಮಸ್ಯೆ ಮಾಯ. ಅಂದಹಾಗೆ ಮೊದಲ ಸಲ ಮಕ್ಕಳ ಕಣ್ಣಿಗೆ ಬಿಸಿಲೂ ಹೊಡೆಯುತ್ತಿತ್ತು. ಬಿಸಿಲಿಗೆ ಮುಖ ಮಾಡಬೇಕಾದವನು ಶಿಕ್ಷಕ, ಬೆನ್ನು ಮಾಡಬೇಕಾದವರು ಮಕ್ಕಳು. ಈ ಒಂದು ಮಾತನ್ನು ಎಷ್ಟು ಸಲ ಹೇಳಿದರೂ ಸಾಲದು.

ಇದನ್ನೆಲ್ಲ ಹತ್ತು ನಿಮಿಷದ ತುಣುಕು ಪಾಠಗಳಾಗಿ ಮಾಡಿಸುತ್ತೇವೆ. ಬಿ.ಎಡ್. ಓದಿದವರಿಗೆ ಗೊತ್ತಿರುವ ಸೂಕ್ಷ್ಮ ಬೋಧನೆಯೇ ಇದು, 1960ರ ದಶಕದಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಪದ್ಧತಿ. ಒಂದು ಪಾಠ, ಒಂದೇ ಕೌಶಲ, ಗೆಳೆಯರ ಟೀಕೆ, ಮತ್ತೆ ಅದೇ ಪಾಠ. ಮೊಬೈಲಿನಲ್ಲಿ ವಿಡಿಯೊ ಮಾಡುತ್ತೇವೆ. ಕ್ಯಾಮೆರಾ ಮಾತ್ರ ಶಿಕ್ಷಕನ ಕಡೆಗಲ್ಲ, ಮಕ್ಕಳ ಕಡೆಗೆ ತಿರುಗಿರುತ್ತದೆ.

ದೈಹಿಕ ಶಿಕ್ಷಣದ ಬೋಧನೆಯ ಬಗ್ಗೆ ಮಸ್ಕಾ ಮಾಸ್ಟನ್ ಎಂಬ ವಿದ್ವಾಂಸರು 1966ರಲ್ಲಿ ಮುಂದಿಟ್ಟ ಒಂದು ವಿಚಾರ ನನಗೆ ಬಹಳ ಉಪಯೋಗಕ್ಕೆ ಬಂದಿದೆ. ಬೋಧನೆಯ ಶೈಲಿಗಳೆಲ್ಲ ಒಂದೇ ಸಾಲಿನಲ್ಲಿವೆ: ಒಂದು ತುದಿಯಲ್ಲಿ ಎಲ್ಲ ತೀರ್ಮಾನ ಶಿಕ್ಷಕನದು, ಇನ್ನೊಂದು ತುದಿಯಲ್ಲಿ ಎಲ್ಲ ತೀರ್ಮಾನ ಕಲಿಯುವವನದು. ಯಾವುದೂ ಒಳ್ಳೆಯದಲ್ಲ, ಯಾವುದೂ ಕೆಟ್ಟದ್ದಲ್ಲ, ಹೊತ್ತು ನೋಡಿ ಆರಿಸಬೇಕು. ಬೆಟ್ಟದಲ್ಲಿ ಇದು ಕನ್ನಡಿಯಷ್ಟು ಸ್ಪಷ್ಟ. ಗಂಟು, ಹೆಲ್ಮೆಟ್, ಹಗ್ಗ ಹಿಡಿಯುವ ಕೈ, ಇವುಗಳಲ್ಲಿ ಚರ್ಚೆಯೇ ಇಲ್ಲ, ಹೇಳಿದ ಹಾಗೆ ಮಾಡಬೇಕು. ಆದರೆ ಎದೆಯೆತ್ತರದ ಬಂಡೆಯ ಮೇಲೆ ಅಡ್ಡಡ್ಡ ಸಾಗುವಾಗ "ಎಡಗಾಲು ಅಲ್ಲಿಡು, ಬಲಗೈ ಇಲ್ಲಿಡು" ಎಂದು ಕೂಗುವವನು ಮಗುವಿನ ಬಾಯಿಂದ ತುತ್ತು ಕಸಿದಂತೆ. ಅಲ್ಲಿ ಕೇಳಬೇಕಾದ ಪ್ರಶ್ನೆ, "ಕಾಲಿಗೆ ಯಾವುದು ಗಟ್ಟಿ ಅನ್ನಿಸುತ್ತೆ?" ನಮ್ಮ ಡ್ರಿಲ್ ಸಂಸ್ಕೃತಿಯ ಹುಡುಗರು ಮೊದಲಿನದನ್ನು ಬೇಗ ಕಲಿಯುತ್ತಾರೆ. ಬಾಯಿ ಮುಚ್ಚಿಕೊಂಡು ನಿಲ್ಲುವುದನ್ನು ಕಲಿಯಲು ಒಂದು ಸೆಮಿಸ್ಟರ್ ಹಿಡಿಯುತ್ತದೆ.

ಹೆದರಿದ ಮಗುವಿನ ಮುಂದೆ ಶಿಕ್ಷಕನ ಬಣ್ಣ ತಿಳಿಯುತ್ತದೆ. ಒಮ್ಮೆ ಶಾಲೆಯ ಮಕ್ಕಳನ್ನು ಮೂವತ್ತು ಅಡಿಯ ಬಂಡೆಯಿಂದ ಹಗ್ಗದಲ್ಲಿ ಇಳಿಸುತ್ತಿದ್ದರು. ಹಗ್ಗ ಮತ್ತು ಅದನ್ನು ಮೇಲೆ ಬಿಗಿದ ಆಂಕರ್ ನೋಡಿಕೊಳ್ಳಲು ತರಬೇತಾದ ಬೋಧಕರಿದ್ದರು, ನಮ್ಮ ವಿದ್ಯಾರ್ಥಿಗಳ ಕೆಲಸ ಮಕ್ಕಳನ್ನು ಅಂಚಿನವರೆಗೆ ತಂದು ಸಿದ್ಧ ಮಾಡುವುದು. ಒಬ್ಬ ಹುಡುಗ ಅಂಚಿಗೆ ಬಂದವನೇ ಗಟ್ಟಿಯಾಗಿ ಕುಳಿತುಬಿಟ್ಟ. ಕೆಳಗಿನಿಂದ ಗೆಳೆಯರೆಲ್ಲ "ಹೋ, ಇಳಿಯೋ, ಹೆದರುಪುಕ್ಕಲ!" ಎಂದು ಕೂಗತೊಡಗಿದರು. ಜತ್ತದ ನಮ್ಮ ಹುಡುಗ ನನ್ನ ಕಡೆ ನೋಡಿದ.

"ಸರ, ಇಂವಾ ಇಳಿಯಾಕ ಒಲ್ಲೆ ಅಂತಾನ್ರಿ. ಏನ್ ಮಾಡ್ಲಿ?"

"ನನ್ನ ಯಾಕ ಕೇಳ್ತಿ? ಅವನ್ನ ಕೇಳು."

ಅವನು ಮೊದಲು ಕೆಳಗಿನವರ ಗದ್ದಲ ನಿಲ್ಲಿಸಿದ. ಆಮೇಲೆ ಹುಡುಗನ ಪಕ್ಕ ತಾನೂ ಕುಕ್ಕರುಗಾಲಲ್ಲಿ ಕುಳಿತ. "ತಮ್ಮಾ, ಏನ್ ಹೆದರಿಕಿ ಆಗಾಕ್ಹತ್ತೈತಿ, ಹಗ್ಗದ್ದೋ, ಎತ್ತರದ್ದೋ?" ಹುಡುಗ ಬಹಳ ಹೊತ್ತು ಸುಮ್ಮನಿದ್ದು, "ಹಿಂದಕ ಕಾಣಂಗಿಲ್ರಿ" ಅಂದ. ನೋಡಿ, ಭಯಕ್ಕೆ ಒಂದು ವಿಳಾಸ ಸಿಕ್ಕಿತು. ಹಿಂದಕ್ಕೆ ವಾಲಿದಾಗ ಕಾಲಿಡುವ ಜಾಗ ಕಾಣುವುದಿಲ್ಲ, ಅದು ಅವನ ತೊಂದರೆ. ಅವನನ್ನು ಪಕ್ಕದ ಆಳೆತ್ತರದ ಇಳಿಜಾರಿಗೆ ಕರೆದುಕೊಂಡು ಹೋಗಿ, ಹಿಮ್ಮುಖವಾಗಿ ನಡೆಸಿ, ಬಗ್ಗಿ ಪಕ್ಕದಿಂದ ಕಾಲು ನೋಡಿಕೊಳ್ಳುವುದನ್ನು ತೋರಿಸಿದ. ಆ ದಿನ ಹುಡುಗ ದೊಡ್ಡ ಬಂಡೆ ಇಳಿಯಲೇ ಇಲ್ಲ, ಸಣ್ಣದರಲ್ಲೇ ಹತ್ತಾರು ಸಲ ಓಡಾಡಿದ. ನಮ್ಮ ವಿದ್ಯಾರ್ಥಿಗೆ ನಾನು ಅತಿ ಹೆಚ್ಚು ಅಂಕ ಕೊಟ್ಟದ್ದು ಆ ಪಾಠಕ್ಕೆ. ಸಾಹಸ ಶಿಕ್ಷಣದಲ್ಲಿ ಎಲ್ಲೆಡೆ ಒಪ್ಪಿಕೊಂಡ ತತ್ವವೇ ಇದೆ: ಸವಾಲು ಒಡ್ಡುವುದು ನಮ್ಮ ಕೆಲಸ, ಎಷ್ಟು ತೆಗೆದುಕೊಳ್ಳಬೇಕೆಂಬುದು ಮಗುವಿನ ಆಯ್ಕೆ. "ತಳ್ಳಿಬಿಟ್ಟರೆ ಭಯ ಹೋಗುತ್ತೆ" ಅನ್ನುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಭಯ ಹೋಗುವುದಿಲ್ಲ, ಶಿಕ್ಷಕರ ಮೇಲಿನ ನಂಬಿಕೆ ಹೋಗುತ್ತದೆ.

ಸಹ್ಯಾದ್ರಿಗೆ ಅದರದೇ ಪಾಠಗಳಿವೆ. ಇಲ್ಲಿಯ ಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರಪದರವಾಗಿ ಹರಿದು ಹೆಪ್ಪುಗಟ್ಟಿದ ಲಾವಾ, ಕಪ್ಪು ಬಸಾಲ್ಟ್. ನಮ್ಮ ರಾಮನಗರದ ಗ್ರಾನೈಟನ್ನೋ ಬಾದಾಮಿಯ ಕೆಂಪು ಮರಳುಗಲ್ಲನ್ನೋ ಹತ್ತಿ ಬಂದವರು ಇಲ್ಲಿಯ ಹಿಡಿಗಲ್ಲನ್ನು ಕಣ್ಣುಮುಚ್ಚಿ ನಂಬಬಾರದು. ಬಿರುಕುಬಿಟ್ಟು ಸಡಿಲಾದ ಕಲ್ಲು ಕೈಗೇ ಬರುತ್ತದೆ. ತಟ್ಟಿ ನೋಡಬೇಕು, ಪೊಳ್ಳು ಸದ್ದು ಬಂದರೆ ಬಿಡಬೇಕು. ಕೋಟೆಗಳ ಕಡಿದಾದ ಬಂಡೆಗಳಲ್ಲಿ ಹೆಜ್ಜೇನು ಕಟ್ಟುತ್ತದೆ. ಬೆಂಕಿಯ ಹೊಗೆ, ಗಾಢ ಸೆಂಟು, ಕೂಗಾಟ, ಕಲ್ಲೆಸೆತ, ಅವು ಏಳಲು ಇಷ್ಟರಲ್ಲಿ ಒಂದು ಸಾಕು. ಎದ್ದರೆ ಮುಖ ಮುಚ್ಚಿಕೊಂಡು ದೂರ ಓಡಬೇಕು, ಕೈ ಬೀಸಬಾರದು. ಒಂದು ಕುಟುಕಿದರೆ ಆ ವಾಸನೆಗೆ ಮಿಕ್ಕವೂ ಅಲ್ಲಿಗೇ ಬರುತ್ತವೆ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕಚ್ಚಿದ ಕೈಯೋ ಕಾಲೋ ಅಲುಗದಂತೆ ಇಟ್ಟು, ಹೊತ್ತುಕೊಂಡು ಆಸ್ಪತ್ರೆಗೆ. 108, 112 ಎಲ್ಲರಿಗೂ ಗೊತ್ತು, ಆದರೆ ಕಣಿವೆಯಲ್ಲಿ ಮೊಬೈಲಿಗೆ ರೇಂಜ್ ಇರುವುದಿಲ್ಲ. ಹತ್ತುವ ಮುನ್ನ ಬುಡದ ಹಳ್ಳಿಯಲ್ಲಿ ಪೊಲೀಸರ ಪರವಾಗಿ ಊರು ನೋಡಿಕೊಳ್ಳುವ ಪೊಲೀಸ್ ಪಾಟೀಲರಿಗೆ ಎಷ್ಟು ಜನ, ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು ಎಂದು ಹೇಳಿ ಹೋಗುವುದು ವಿದ್ಯಾರ್ಥಿಯ ಕೆಲಸ, ನನ್ನದಲ್ಲ.

ಮಳೆಗಾಲದ ನೀರಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. 2024ರ ಜೂನ್ ಕೊನೆಯಲ್ಲಿ ಲೋಣಾವಳಾದ ಭುಶಿ ಅಣೆಕಟ್ಟೆಯ ಹತ್ತಿರ ಒಂದೇ ಕುಟುಂಬದ ಐವರು ಕೊಚ್ಚಿಹೋದ ವಿಡಿಯೊ ನೀವೂ ನೋಡಿದ್ದೀರಿ. ನೋಡನೋಡುತ್ತ ನೀರು ಏರಿತು. ಆ ಏರಿಕೆಗೆ ಮುನ್ಸೂಚನೆಗಳಿರುತ್ತವೆ: ತಿಳಿಯಾಗಿದ್ದ ನೀರು ಕೆಂಪಗಾಗುವುದು, ಎಲೆ ಕಡ್ಡಿ ತೇಲಿ ಬರುವುದು, ಹರಿವಿನ ಸದ್ದು ದಪ್ಪವಾಗುವುದು. ನಾವು ನಿಂತಲ್ಲಿ ಹನಿ ಇಲ್ಲದಿದ್ದರೂ ಮೇಲೆ ಘಟ್ಟದಲ್ಲಿ ಸುರಿಯುತ್ತಿರುತ್ತದೆ. ಹಳ್ಳದ ದಂಡೆಯಲ್ಲಿ ವಿದ್ಯಾರ್ಥಿಗಳನ್ನು ಸುಮ್ಮನೆ ಕೂರಿಸಿ, ಒಂದು ಕಲ್ಲಿಗೆ ಗುರುತು ಹಾಕಿ, ಹತ್ತು ನಿಮಿಷಕ್ಕೊಮ್ಮೆ ನೀರಿನ ಮಟ್ಟ ಬರೆಸುತ್ತೇನೆ. ಅವರಿಗೆ ಬೇಸರ ಬರುತ್ತದೆ. ಬರಲಿ.

ಆಮೇಲೆ ತೀರ್ಮಾನದ ಪರೀಕ್ಷೆ. ಗುಂಪಿನ ನಾಯಕತ್ವವನ್ನು ಒಬ್ಬ ವಿದ್ಯಾರ್ಥಿಗೆ ಕೊಡುತ್ತೇವೆ. ಮುಂದೆ ಒಬ್ಬ, ಬಾಲಕ್ಕೆ ಒಬ್ಬ, ದಾರಿ ಕವಲಾದಲ್ಲೆಲ್ಲ ತಲೆ ಎಣಿಕೆ, ಎಲ್ಲರಿಗಿಂತ ನಿಧಾನ ನಡೆಯುವವರ ವೇಗವೇ ಗುಂಪಿನ ವೇಗ. ಇಷ್ಟು ಎಲ್ಲರೂ ಮಾಡುತ್ತಾರೆ. ಕಷ್ಟ ಬರುವುದು ಕೋಟೆಯ ಬಾಗಿಲು ಕಣ್ಣಿಗೆ ಕಾಣುತ್ತಿರುವಾಗ, ಮೋಡ ಕವಿದಾಗ, ಗಡಿಯಾರ ನಿಗದಿ ಮಾಡಿದ ಹೊತ್ತು ತೋರಿಸುತ್ತಿರುವಾಗ. ಇನ್ನು ಇಪ್ಪತ್ತೇ ನಿಮಿಷ, ಬಸ್ಸಿನ ದುಡ್ಡು ಕೊಟ್ಟಾಗಿದೆ, ಮಕ್ಕಳು ಗೋಗರೆಯುತ್ತಿದ್ದಾರೆ. ಆಗ "ತಿರುಗಿ" ಎನ್ನಲು ಬಾಯಿ ಬರುವುದಿಲ್ಲ. ನಮ್ಮ ಅಂಕಪಟ್ಟಿಯಲ್ಲಿ ಈಗ ಅದಕ್ಕೊಂದು ಕಾಲಮ್ ಇದೆ. ಸಕಾರಣವಾಗಿ ವಾಪಸು ಬಂದವನಿಗೆ ತುದಿ ಮುಟ್ಟಿದವನಿಗಿಂತ ಒಂದಂಕವೂ ಕಡಿಮೆಯಿಲ್ಲ. ಕೆಲವು ಸಹೋದ್ಯೋಗಿಗಳು ಇದನ್ನು "ಸೋಲಿಗೆ ಅಂಕ" ಎಂದು ಹಾಸ್ಯ ಮಾಡುತ್ತಾರೆ. ಮಾಡಲಿ, ನಲವತ್ತು ಮನೆಗಳ ಮಕ್ಕಳನ್ನು ಕರೆದುಕೊಂಡು ಹೋಗುವವನಿಗೆ ಬೇಕಾದ ಮೊದಲ ಯೋಗ್ಯತೆ ಅದು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಹುಡುಗಿಯರ ವಿಷಯ ಚುಟುಕಾಗಿ. ಊರಿನಿಂದ ಅಪ್ಪಂದಿರು ಫೋನ್ ಮಾಡಿ ಕೇಳುವುದು ಬಂಡೆಯ ಎತ್ತರವನ್ನಲ್ಲ. ರಾತ್ರಿ ಎಲ್ಲಿ ಮಲಗುತ್ತಾರೆ, ಜೊತೆಗೆ ಮೇಡಂ ಯಾರು, ಶೌಚಾಲಯ ಎಲ್ಲಿ. ಸರಿಯಾದ ಪ್ರಶ್ನೆಗಳೇ. ಅವಕ್ಕೆ ಉತ್ತರವಿಲ್ಲದ ಶಿಬಿರವನ್ನು ನಾವೇ ಮಾಡಬಾರದು. ಒಬ್ಬ ಮಹಿಳಾ ಶಿಕ್ಷಕಿ ಜೊತೆಗಿದ್ದರೆ, ಪ್ಯಾಡು, ಪರದೆ, ನೀರು ಮುಂಚೆಯೇ ಹೊಂದಿಸಿದ್ದರೆ, ಹುಡುಗಿಯರು ಹಿಂದೆ ಬಿದ್ದದ್ದನ್ನು ನಾನಂತೂ ಕಂಡಿಲ್ಲ.

ಒಂದು ಎಚ್ಚರಿಕೆ ಹೇಳಲೇಬೇಕು. ಬಿ.ಪಿ.ಎಡ್. ಮುಗಿಸಿದವರು ಪರ್ವತಾರೋಹಣದ ಬೋಧಕರಲ್ಲ. ಅದರ ದಾರಿ ಬೇರೆ, ಉದ್ದದ್ದು. ಡಾರ್ಜಿಲಿಂಗ್, ಉತ್ತರಕಾಶಿ, ಮನಾಲಿಯಂಥ ಸಂಸ್ಥೆಗಳಲ್ಲಿ ಸುಮಾರು ನಾಲ್ಕು ವಾರದ ಬೇಸಿಕ್ ಕೋರ್ಸ್, ಅದರಲ್ಲಿ ಎ ಗ್ರೇಡ್ ಬಂದರೆ ಅಡ್ವಾನ್ಸ್, ಅದರಲ್ಲೂ ಎ ಬಂದರೆ ಕಲಿಸುವ ವಿಧಾನದ್ದೇ ಒಂದು ಪ್ರತ್ಯೇಕ ಕೋರ್ಸ್. ನೋಡಿ, ಅವರೂ ಹತ್ತುವುದನ್ನೂ ಹತ್ತಿಸುವುದನ್ನೂ ಬೇರೆಬೇರೆಯಾಗಿಯೇ ಇಟ್ಟಿದ್ದಾರೆ. ಪುಣೆಯಲ್ಲಿ ಗಿರಿಪ್ರೇಮಿ, ಮುಂಬೈಯಲ್ಲಿ 1954ರಷ್ಟು ಹಿಂದೆಯೇ ಶುರುವಾದ ಗಿರಿವಿಹಾರ, ಲೋಣಾವಳಾದಲ್ಲಿ ಅಪಘಾತವಾದರೆ ಓಡಿಬರುವ ಶಿವದುರ್ಗ ಮಿತ್ರ, ಹೀಗೆ ಅನುಭವಿಗಳ ದೊಡ್ಡ ಬಳಗ ಇಲ್ಲಿದೆ. 2021ರಲ್ಲಿ ಮಹಾರಾಷ್ಟ್ರ ಸರ್ಕಾರ ಸಾಹಸ ಪ್ರವಾಸೋದ್ಯಮ ನೀತಿಯನ್ನೂ ತಂದಿತು. ಶಾಲೆಯ ದೈಹಿಕ ಶಿಕ್ಷಕ ನಡಿಗೆ, ಬಿಡಾರ, ನಕ್ಷೆ ಓದುವುದು, ಗುಂಪಾಟ, ಎದೆಯೆತ್ತರದ ಬಂಡೆ, ಇಷ್ಟನ್ನು ಚೆನ್ನಾಗಿ ಮಾಡಿಸಲಿ. ಹಗ್ಗ ಕಟ್ಟಬೇಕಾದ ಎತ್ತರ ಬಂದಾಗ ತರಬೇತಾದವರನ್ನು ಕರೆಸಲಿ. ಎಲ್ಲಿ ನಿಲ್ಲಬೇಕು ಎಂದು ಗೊತ್ತಿರುವ ಶಿಕ್ಷಕನ ಕೈಗೆ ನನ್ನ ಮಗಳನ್ನು ಧೈರ್ಯವಾಗಿ ಕಳಿಸುತ್ತೇನೆ.

ಸಭಿಕರಲ್ಲಿ ಒಬ್ಬರು ಕೇಳಿದರು: ಜತ್ತದಂಥ ಬಯಲುಸೀಮೆಯ ಶಾಲೆಯಲ್ಲಿ ಬೆಟ್ಟವೂ ಇಲ್ಲ, ದುಡ್ಡೂ ಇಲ್ಲ. ಇದೆಲ್ಲ ಅಲ್ಲಿ ಹೇಗೆ?

ಅಲ್ಲಿಗೆ ಹೋದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಾಡುತ್ತಿರುವುದನ್ನೇ ಹೇಳುತ್ತೇನೆ. ಶಾಲೆಯ ಅಂಗಳದ ನಕ್ಷೆಯನ್ನು ಮಕ್ಕಳ ಕೈಲೇ ಹೆಜ್ಜೆ ಅಳತೆಯಲ್ಲಿ ಬರೆಸಿದ್ದಾಳೆ. ಬೇವಿನಮರ, ಬೋರ್‌ವೆಲ್, ಅಡುಗೆಕೋಣೆಯ ಹಿಂಬದಿ, ಹೀಗೆ ಗುರುತು ಮಾಡಿದ ಜಾಗಗಳಲ್ಲಿ ಚೀಟಿ ಬಚ್ಚಿಟ್ಟು, ನಕ್ಷೆ ಹಿಡಿದು ಜೋಡಿಜೋಡಿಯಾಗಿ ಹುಡುಕಲು ಬಿಡುತ್ತಾಳೆ. ಖರ್ಚು ಒಂದು ಹಾಳೆ. 40 ಮಕ್ಕಳೂ ಒಟ್ಟಿಗೆ ಓಡುತ್ತಾರೆ, ಸಾಲಿನಲ್ಲಿ ನಿಲ್ಲುವವರಿಲ್ಲ. ಮುಂದಿನ ತಿಂಗಳು ಊರ ಕೆರೆಯವರೆಗೆ.

ಇನ್ನೊಬ್ಬ ಅಜ್ಜಿ ಕೇಳಿದ್ದು: ಮೊಮ್ಮಗಳ ಶಾಲೆಯಿಂದ ಟ್ರೆಕ್ಕಿಂಗ್ ಚೀಟಿ ಬಂದಿದೆ, ಸಹಿ ಹಾಕಿಸಲೋ ಬೇಡವೋ?

ಅಮ್ಮಾ, ಸಹಿ ಹಾಕಿಸುವ ಮುನ್ನ ಶಾಲೆಗೆ ಫೋನ್ ಮಾಡಿಸಿ. ಹತ್ತು ಮಕ್ಕಳಿಗೆ ಒಬ್ಬರಾದರೂ ದೊಡ್ಡವರು ಇದ್ದಾರಾ, ಕರೆದುಕೊಂಡು ಹೋಗುವವರು ಆ ದಾರಿಯನ್ನು ಈ ಹಂಗಾಮಿನಲ್ಲಿ ಒಮ್ಮೆ ನಡೆದು ನೋಡಿ ಬಂದಿದ್ದಾರಾ, ಎಷ್ಟು ಹೊತ್ತಿಗೆ ಎಲ್ಲಿದ್ದರೂ ವಾಪಸು ತಿರುಗುತ್ತಾರೆ ಎಂದು ಕೇಳಿ. ಕೊನೆಯದಕ್ಕೆ ಗಂಟೆ ನಿಮಿಷದ ಲೆಕ್ಕದಲ್ಲಿ ಉತ್ತರ ಬಂದರೆ ಸಹಿ ಹಾಕಿಸಿ. "ನೋಡೋಣ, ಅಲ್ಲಿ ಹೋದ ಮೇಲೆ" ಅಂದರೆ ಬೇಡ. ಮತ್ತೆ, ಅವತ್ತಿಗೆಂದು ಹೊಸ ಬೂಟು ಕೊಡಿಸಬೇಡಿ, ಗುಳ್ಳೆ ಏಳುತ್ತವೆ. ಶಾಲೆಗೆ ಹಾಕಿಕೊಂಡು ಹೋಗುವ ಹಳೆಯದೇ ಇರಲಿ, ಅಡಿ ಸವೆದಿಲ್ಲವಾ ಅಂತ ಮಾತ್ರ ತಿರುವಿ ನೋಡಿ.